ನೆಟ್ ಅಯಾನಿಕ್ ಸಮೀಕರಣ: ಟೆಸ್ಟ್ ಟ್ಯೂಬ್ ಒಳಗೆ ನಿಜವಾಗಿ ಏನಾಯ್ತು ಅಂತ ಬರೆಯೋದು

ಸಿಲ್ವರ್ ನೈಟ್ರೇಟ್ ದ್ರಾವಣ ನೋಡೋಕೆ ಬರೀ ನೀರಿನ ಥರಾನೇ ಇರತ್ತೆ, ಸೋಡಿಯಂ ಕ್ಲೋರೈಡ್ ದ್ರಾವಣಾನೂ ಅಷ್ಟೇ. ಎರಡನ್ನೂ ಒಂದು ಟೆಸ್ಟ್ ಟ್ಯೂಬಲ್ಲಿ ಸೇರಿಸಿದ ತಕ್ಷಣ ಮೊಸರಿನ ಥರ ಬೆಳ್ಳಗೆ ಏನೋ ಕಾಣಿಸ್ಕೊಂಡು ನಿಧಾನಕ್ಕೆ ತಳಕ್ಕೆ ಇಳಿಯತ್ತೆ. ಪುಸ್ತಕದಲ್ಲಿ ಇದಕ್ಕೆ ಹೀಗೆ ಬರ್ದಿರ್ತಾರೆ:

ಸಿಲ್ವರ್ ನೈಟ್ರೇಟ್ + ಸೋಡಿಯಂ ಕ್ಲೋರೈಡ್ → ಸಿಲ್ವರ್ ಕ್ಲೋರೈಡ್ + ಸೋಡಿಯಂ ನೈಟ್ರೇಟ್

ಲೆಕ್ಕಕ್ಕೆ ಇದು ಸರಿ, ಎರಡೂ ಕಡೆ ಪರಮಾಣು ಎಣಿಸಿದ್ರೆ ಸಮ ಬರತ್ತೆ. ಆದ್ರೆ ಓದಿದವರಿಗೆ ಎರಡು ಹೊಸ ವಸ್ತು ಹುಟ್ಟಿದವು ಅನ್ಸತ್ತೆ, ಟ್ಯೂಬ್ ಒಳಗೆ ಹಾಗಾಗಿಲ್ಲ. ಸೋಡಿಯಂ ಅಯಾನು (ಚಾರ್ಜ್ ಇರೋ ಪರಮಾಣು ಇಲ್ಲಾ ಪರಮಾಣುಗಳ ಗುಂಪಿಗೆ ಅಯಾನು ಅಂತಾರೆ) ಮೊದಲೂ ನೀರಲ್ಲಿ ಬಿಡಿಯಾಗಿ ಓಡಾಡ್ತಿತ್ತು, ಈಗ್ಲೂ ಹಾಗೇ ಓಡಾಡ್ತಿದೆ, ನೈಟ್ರೇಟ್‌ದೂ ಅದೇ ಕಥೆ. ಅವೆರಡೂ ಒಂದಕ್ಕೊಂದು ಅಂಟ್ಕೊಂಡು ಸೋಡಿಯಂ ನೈಟ್ರೇಟ್ ಅನ್ನೋ ವಸ್ತು ಆಗಿಲ್ಲ, ನೀರನ್ನೆಲ್ಲ ಆರಿಸಿದ್ರೆ ಮಾತ್ರ ಅದು ಸಿಗೋದು. ನಿಜವಾಗಿ ನಡೆದಿರೋ ಕೆಲಸ ಒಂದೇ:

ಸಿಲ್ವರ್⁺(ಜಲೀಯ) + ಕ್ಲೋರೈಡ್⁻(ಜಲೀಯ) → ಸಿಲ್ವರ್ ಕ್ಲೋರೈಡ್(ಘನ)

ಇದೇ ನೆಟ್ ಅಯಾನಿಕ್ ಸಮೀಕರಣ. ಎರಡೂ ಕಡೆ ಬದಲಾಗದೆ ಉಳಿದ ಸೋಡಿಯಂ ಮತ್ತು ನೈಟ್ರೇಟ್‌ಗಳನ್ನ ಸ್ಪೆಕ್ಟೇಟರ್ ಅಯಾನು ಅಂತಾರೆ. (ಇಲ್ಲಿ ನಾನು ಸಂಕೇತದ ಬದಲು ಹೆಸರನ್ನೇ ಬರೀತಿದೀನಿ, ಮೇಲೆ ಸಣ್ಣದಾಗಿರೋದು ಅಯಾನಿನ ಚಾರ್ಜ್, ಜಲೀಯ ಅಂದ್ರೆ ನೀರಲ್ಲಿ ಕರಗಿರೋದು.) ಈ ಚಾಪ್ಟರ್ ತುಂಬಾ ಜನಕ್ಕೆ ಕಷ್ಟ ಅನ್ಸೋಕೆ ಕಾರಣ, ಇದನ್ನ "ಒಡಿ, ಹೊಡೆದುಹಾಕು, ಉಳಿದದ್ದು ಬರಿ" ಅನ್ನೋ ಮೂರು ಸ್ಟೆಪ್ಪಿನ ಕಸರತ್ತಾಗಿ ಕಲಿಸೋದು ಅಂತ ನನ್ನ ಅಭಿಪ್ರಾಯ. ಯಾವುದನ್ನ ಒಡೀಬೇಕು ಯಾವುದನ್ನ ಒಡೀಬಾರದು ಅನ್ನೋದೇ ಇಡೀ ವಿಷಯ, ಅದಕ್ಕೆ ಉತ್ತರ ಆ ಸ್ಟೆಪ್ಪುಗಳಲ್ಲಿ ಇಲ್ಲ. ಕೇಳ್ಕೋಬೇಕಾದ ಪ್ರಶ್ನೆ ಒಂದೇ: ಈ ವಸ್ತು ಈ ನೀರಲ್ಲಿ ಈಗ ಯಾವ ರೂಪದಲ್ಲಿ ಇದೆ? ಯಾವ ರೂಪದಲ್ಲಿ ಇದೆಯೋ ಹಾಗೇ ಬರೀಬೇಕು.

ಅಯಾನುಗಳು ಬಿಡಿಬಿಡಿಯಾಗಿ ಇರ್ತವೆ ಅಂತ ನಂಬೋದಾದ್ರೂ ಹೇಗೆ, ಕಣ್ಣಿಗೆ ಕಾಣಲ್ವಲ್ಲ ಅಂತ ಕೇಳಿದ್ರೆ ಅದು ನ್ಯಾಯವಾದ ಪ್ರಶ್ನೆನೇ. ಒಂದು ಕಾಲದಲ್ಲಿ ದೊಡ್ಡ ದೊಡ್ಡ ವಿಜ್ಞಾನಿಗಳೇ ಇದನ್ನ ಒಪ್ಪಿರ್ಲಿಲ್ಲ. ಸ್ವೀಡನ್ನಿನ ಸ್ವಾಂಟೆ ಅರ್ಹೇನಿಯಸ್ 1884ರಲ್ಲಿ ಉಪ್ಸಾಲಾ ವಿಶ್ವವಿದ್ಯಾಲಯಕ್ಕೆ ಕೊಟ್ಟ ಡಾಕ್ಟರೇಟ್ ಪ್ರಬಂಧಕ್ಕೆ ತೀರಾ ಕಡಿಮೆ ದರ್ಜೆ ಸಿಕ್ಕಿತ್ತು. ಅಲ್ಲಿ ಶುರುವಾದ ವಿಚಾರ 1887ರ ಹೊತ್ತಿಗೆ, ಲವಣ ನೀರಲ್ಲಿ ಕರಗಿದಾಗ ಕರೆಂಟ್ ಹಾಯಿಸದೇ ಇದ್ರೂ ತಾನಾಗೇ ಅಯಾನುಗಳಾಗಿ ಬಿಡಿಯಾಗತ್ತೆ ಅನ್ನೋ ಸ್ಪಷ್ಟ ರೂಪ ತಗೊಳ್ತು, 1903ರಲ್ಲಿ ಅದಕ್ಕೇ ಅವರಿಗೆ ಕೆಮಿಸ್ಟ್ರಿ ನೊಬೆಲ್ ಬಂತು.

ಪುರಾವೆಗಳಲ್ಲಿ ನನಗೆ ತುಂಬಾ ಇಷ್ಟವಾದದ್ದು ಶಾಖದ ಲೆಕ್ಕ. ಹೈಡ್ರೋಕ್ಲೋರಿಕ್ ಆಸಿಡ್‌ಗೆ ಸೋಡಿಯಂ ಹೈಡ್ರಾಕ್ಸೈಡ್ ಹಾಕಿ, ನೈಟ್ರಿಕ್ ಆಸಿಡ್‌ಗೆ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಹಾಕಿ, ಜೋಡಿ ಹೇಗೇ ಬದಲಾಯಿಸಿದ್ರೂ ದ್ರಾವಣ ತೆಳುವಾಗಿದ್ದರೆ ಒಂದು ಮೋಲ್ (ಅಣುಗಳನ್ನ ಎಣಿಸೋ ಒಂದು ದೊಡ್ಡ ಅಳತೆ) ನೀರು ಹುಟ್ಟೋವಾಗ ಹೊರಬರೋ ಶಾಖ ಸುಮಾರು 57 ಕಿಲೋಜೂಲ್, ಹೆಚ್ಚುಕಮ್ಮಿ ಅಷ್ಟೇ ಬರತ್ತೆ. ಪೂರ್ತಿ ಸಮೀಕರಣ ನೋಡಿದ್ರೆ ಇವು ಬೇರೆ ಬೇರೆ ಕ್ರಿಯೆಗಳು, ಬೇರೆ ಆಸಿಡ್, ಬೇರೆ ಬೇಸ್, ಬೇರೆ ಲವಣ, ಹಾಗಿದ್ರೆ ಶಾಖ ಯಾಕೆ ಒಂದೇ? ಯಾಕಂದ್ರೆ ನೆಟ್ ಕ್ರಿಯೆ ಒಂದೇ:

ಹೈಡ್ರೋಜನ್⁺ + ಹೈಡ್ರಾಕ್ಸೈಡ್⁻ → ನೀರು(ದ್ರವ)

ಸೋಡಿಯಂ, ಪೊಟ್ಯಾಸಿಯಂ, ಕ್ಲೋರೈಡ್, ನೈಟ್ರೇಟ್ ಯಾವುದೂ ಕ್ರಿಯೆಯಲ್ಲಿ ಸೇರ್ಕೊಂಡಿಲ್ಲ. ಅದೇ ಅಸಿಟಿಕ್ ಆಸಿಡ್ ಹಾಕಿದ್ರೆ ನೆಟ್ ಕ್ರಿಯೆನೇ ಬೇರೆ, ಅದಕ್ಕೆ ಆಮೇಲೆ ಬರ್ತೀನಿ.

ಈಗ ಕರಗೋದು ಅಂದ್ರೇನು ನೋಡೋಣ. ಸೋಡಿಯಂ ಕ್ಲೋರೈಡ್ ಹರಳಲ್ಲಿ ಪ್ಲಸ್ಸು ಮೈನಸ್ಸುಗಳು ಒಂದನ್ನೊಂದು ಗಟ್ಟಿಯಾಗಿ ಹಿಡ್ಕೊಂಡಿರ್ತವೆ, ಒಂದು ಮೋಲ್ ಹರಳನ್ನ ಪೂರ್ತಿ ಬಿಡಿ ಅಯಾನು ಮಾಡೋಕೆ ಸುಮಾರು 787 ಕಿಲೋಜೂಲ್ ಬೇಕು. ಅಷ್ಟು ಶಕ್ತಿ ತಣ್ಣೀರಿಗೆ ಎಲ್ಲಿಂದ ಬಂತು? ನೀರಿನ ಅಣುವಿನಲ್ಲಿ ಆಕ್ಸಿಜನ್ ಕಡೆ ಸ್ವಲ್ಪ ಮೈನಸ್, ಹೈಡ್ರೋಜನ್ ಕಡೆ ಸ್ವಲ್ಪ ಪ್ಲಸ್ ಇರತ್ತೆ, ಹಾಗಾಗಿ ನೀರಿನ ಅಣುಗಳು ಸೋಡಿಯಂ ಸುತ್ತ ಆಕ್ಸಿಜನ್ ಒಳಮುಖ ಮಾಡ್ಕೊಂಡು, ಕ್ಲೋರೈಡ್ ಸುತ್ತ ಹೈಡ್ರೋಜನ್ ಒಳಮುಖ ಮಾಡ್ಕೊಂಡು ಸುತ್ತುವರೀತವೆ, ಹಾಗೆ ಸುತ್ತುವರಿಯೋವಾಗ ಶಕ್ತಿ ಹೊರಬರತ್ತೆ. ಅದೂ ಹತ್ತಿರ ಹತ್ತಿರ ಅಷ್ಟೇ ಇರತ್ತೆ. ಎರಡನ್ನೂ ಕಳೆದ್ರೆ ಉಳಿಯೋ ವ್ಯತ್ಯಾಸ ಬರೀ 4 ಕಿಲೋಜೂಲ್, ಅದನ್ನ ನೀರು ತನ್ನ ಬಿಸಿಯಿಂದಾನೇ ಕೊಡತ್ತೆ. ಅಯಾನುಗಳು ಹರಡ್ಕೊಳ್ಳೋದ್ರಿಂದ ಎಂಟ್ರೊಪಿ (ಚದುರಿಕೆಯ ಅಳತೆ) ಹೆಚ್ಚಾಗತ್ತೆ, ಆ 4 ಕಿಲೋಜೂಲ್ ಕೊರತೆ ಒಂದು ಅಡ್ಡಿನೇ ಆಗಲ್ಲ. ಜೊತೆಗೆ ನೀರಿನ ಡೈಎಲೆಕ್ಟ್ರಿಕ್ ಸ್ಥಿರಾಂಕ ಸುಮಾರು 80, ಅಂದ್ರೆ ನೀರೊಳಗೆ ದೂರ ದೂರ ಆದ ಅಯಾನುಗಳ ನಡುವಿನ ಸೆಳೆತ ನಿರ್ವಾತದಲ್ಲಿ ಇರೋದರ 80ರಲ್ಲಿ ಒಂದು ಭಾಗ. ಹೀಗಾಗಿ 25 ಡಿಗ್ರಿಯಲ್ಲಿ 100 ಮಿಲಿ ನೀರಿಗೆ ಸುಮಾರು 36 ಗ್ರಾಂ ಸೋಡಿಯಂ ಕ್ಲೋರೈಡ್ ಕರಗತ್ತೆ.

ಸಿಲ್ವರ್ ಕ್ಲೋರೈಡ್‌ಗೆ ಇದೇ ಲೆಕ್ಕ ಹಾಕಿ. ಸಿಲ್ವರ್ ಮತ್ತು ಕ್ಲೋರೈಡ್ ನಡುವೆ ಬರೀ ಅಯಾನಿಕ್ ಸೆಳೆತ ಅಲ್ಲ, ಎಲೆಕ್ಟ್ರಾನ್ ಹಂಚ್ಕೊಳ್ಳೋ ಕೊವೇಲೆಂಟ್ ಗುಣಾನೂ ಸೇರ್ಕೊಂಡಿರೋದ್ರಿಂದ ಹರಳು ಇನ್ನೂ ಗಟ್ಟಿ, ನೀರು ಕೊಡೋ ಶಕ್ತಿ ಸಾಕಾಗಲ್ಲ, ಮೋಲ್‌ಗೆ ಸುಮಾರು 65 ಕಿಲೋಜೂಲ್ ಕಮ್ಮಿ ಬೀಳತ್ತೆ. ಎಂಟ್ರೊಪಿ ಅಷ್ಟನ್ನ ತುಂಬ್ಕೊಡಕ್ಕೆ ಆಗಲ್ಲ. ಒಂದು ಲೀಟರ್ ನೀರಿಗೆ ಹತ್ತಿರ ಹತ್ತಿರ 2 ಮಿಲಿಗ್ರಾಂ ಮಾತ್ರ ಕರಗತ್ತೆ.

ಗಮನಿಸಿ, ಎರಡು ದೊಡ್ಡ ಸಂಖ್ಯೆಗಳ ನಡುವಿನ ಸಣ್ಣ ವ್ಯತ್ಯಾಸದ ಮೇಲೆ ಎಲ್ಲಾ ನಿಂತಿದೆ. ಅದಕ್ಕೇ ಕರಗುವಿಕೆಯನ್ನ ಒಂದೇ ಸರಳ ತತ್ವದಿಂದ ಊಹಿಸೋಕೆ ಆಗಲ್ಲ, ಪ್ರಯೋಗ ಮಾಡಿ ಕಂಡ್ಕೊಂಡದ್ದನ್ನ ರೂಲ್ಸ್ ಮಾಡಿ ಇಟ್ಟಿದಾರೆ. ಆ ರೂಲ್ಸ್ ಉರು ಹೊಡೀಲೇಬೇಕು, ಬೇರೆ ದಾರಿ ಇಲ್ಲ, ಆದ್ರೆ ಅದರ ಹಿಂದೆ ಇರೋ ಸ್ವಲ್ಪ ಅರ್ಥ ತಿಳ್ಕೊಂಡ್ರೆ ನೆನಪಲ್ಲಿ ಉಳಿಯತ್ತೆ.

ಮೊದಲು ನೋಡ್ಬೇಕಾದ್ದು ಯಾವಾಗ್ಲೂ ಕರಗೋವು. ಸೋಡಿಯಂ, ಪೊಟ್ಯಾಸಿಯಂ ಇರೋ ಗುಂಪು ಮತ್ತೆ ಅಮೋನಿಯಂ, ಇವುಗಳ ಸಾಮಾನ್ಯ ಲವಣಗಳೆಲ್ಲ ಕರಗ್ತವೆ, ಜೊತೆಗೆ ಯಾರೇ ಇರಲಿ. ಮೈನಸ್ ಕಡೆಯಿಂದ ನೈಟ್ರೇಟ್ ಇದ್ರೆ ಕರಗತ್ತೆ, ಅಸಿಟೇಟ್ ಇದ್ರೂ ಬಹುಪಾಲು ಕರಗತ್ತೆ. ನೈಟ್ರೇಟ್‌ನಲ್ಲಿ ಒಂದೇ ಒಂದು ಮೈನಸ್ ಚಾರ್ಜು ಮೂರು ಆಕ್ಸಿಜನ್ ಮೇಲೆ ಹರಡ್ಕೊಂಡಿರತ್ತೆ, ಯಾವ ಪ್ಲಸ್ ಅಯಾನನ್ನೂ ಗಟ್ಟಿಯಾಗಿ ಹಿಡ್ಕೊಳ್ಳೋ ಶಕ್ತಿ ಅದಕ್ಕಿಲ್ಲ. ಲ್ಯಾಬಲ್ಲಿ ಯಾವುದೇ ಲೋಹದ ಅಯಾನು ದ್ರಾವಣವಾಗಿ ಬೇಕು ಅಂದ್ರೆ ಅದರ ನೈಟ್ರೇಟ್ ತಗೊಳ್ಳೋದು ಇದಕ್ಕೇ.

ಆಮೇಲೆ ಸಾಮಾನ್ಯವಾಗಿ ಕರಗೋವು, ಆದ್ರೆ ಎಕ್ಸೆಪ್ಶನ್ ಇರೋವು. ಕ್ಲೋರೈಡ್, ಬ್ರೋಮೈಡ್, ಅಯೋಡೈಡ್‌ಗಳು ಕರಗ್ತವೆ, ಸಿಲ್ವರ್, ಲೆಡ್, ಮತ್ತು ಎರಡು ಪರಮಾಣು ಜೋಡಿಯಾಗಿರೋ ಮರ್ಕ್ಯುರಸ್ ಇದ್ರೆ ಕರಗಲ್ಲ. ಲೆಡ್ ಕ್ಲೋರೈಡ್ ಬಿಸಿನೀರಲ್ಲಿ ಸುಮಾರಾಗಿ ಕರಗತ್ತೆ, ಸಾಲ್ಟ್ ಅನಾಲಿಸಿಸ್ ಮಾಡೋವಾಗ ಲೆಡ್ಡನ್ನ ಸಿಲ್ವರ್‌ನಿಂದ ಬೇರೆ ಮಾಡೋದೇ ಹೀಗೆ. ಫ್ಲೋರೈಡನ್ನ ಈ ಗುಂಪಿಗೆ ಸೇರಿಸ್ಬೇಡಿ, ಅದು ಉಲ್ಟಾ ನಡ್ಕೊಳ್ಳತ್ತೆ: ಸಿಲ್ವರ್ ಫ್ಲೋರೈಡ್ ಧಾರಾಳವಾಗಿ ಕರಗತ್ತೆ, ಕ್ಯಾಲ್ಸಿಯಂ ಫ್ಲೋರೈಡ್ ಕರಗಲ್ಲ. ಸಲ್ಫೇಟ್‌ಗಳು ಕರಗ್ತವೆ, ಬೇರಿಯಂ, ಸ್ಟ್ರಾನ್ಶಿಯಂ, ಲೆಡ್ ಬಿಟ್ಟು. ಕ್ಯಾಲ್ಸಿಯಂ ಸಲ್ಫೇಟ್ ನಡುವೆ ನಿಂತಿದೆ, ಲೀಟರ್‌ಗೆ ಎರಡು ಗ್ರಾಂ ಚಿಲ್ಲರೆ ಕರಗತ್ತೆ, ಅದನ್ನ ಕೆಲವು ಪುಸ್ತಕ ಒಂದು ಕಡೆ ಹಾಕ್ತವೆ, ಕೆಲವು ಇನ್ನೊಂದು ಕಡೆ.

ಉಳಿದ ಕಾರ್ಬೋನೇಟ್, ಫಾಸ್ಫೇಟ್, ಸಲ್ಫೈಡ್, ಹೈಡ್ರಾಕ್ಸೈಡ್‌ಗಳು ಸಾಮಾನ್ಯವಾಗಿ ಕರಗಲ್ಲ. ಕಾರ್ಬೋನೇಟ್‌ಗೆ ಎರಡು ಮೈನಸ್, ಫಾಸ್ಫೇಟ್‌ಗೆ ಮೂರು, ಎರಡು ಮೂರು ಪ್ಲಸ್ ಇರೋ ಲೋಹ ಸಿಕ್ಕಿದ್ರೆ ಸೆಳೆತ ಜೋರಾಗತ್ತೆ. ಆದ್ರೆ ಮೊದಲ ರೂಲೇ ದೊಡ್ಡದು, ಸೋಡಿಯಂ ಕಾರ್ಬೋನೇಟ್, ಅಮೋನಿಯಂ ಫಾಸ್ಫೇಟ್ ಎಲ್ಲಾ ಕರಗ್ತವೆ. ಹೈಡ್ರಾಕ್ಸೈಡ್‌ಗಳಲ್ಲಿ ಬೇರಿಯಂದು ಚೆನ್ನಾಗೇ ಕರಗತ್ತೆ, ಕ್ಯಾಲ್ಸಿಯಂದು ಸ್ವಲ್ಪ.

ಇನ್ನು ಬಿಸಿ ಮಾಡಿದ್ರೆ ಜಾಸ್ತಿ ಕರಗತ್ತೆ ಅನ್ನೋದು ಹೆಚ್ಚಿನ ಲವಣಗಳಿಗೆ ನಿಜ, ಪೊಟ್ಯಾಸಿಯಂ ನೈಟ್ರೇಟ್ 0 ಡಿಗ್ರಿಯಲ್ಲಿ 100 ಗ್ರಾಂ ನೀರಿಗೆ ಸುಮಾರು 13 ಗ್ರಾಂ, 100 ಡಿಗ್ರಿಯಲ್ಲಿ 240 ಗ್ರಾಂ ದಾಟತ್ತೆ. ಆದ್ರೆ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ತದ್ವಿರುದ್ಧ, 0 ಡಿಗ್ರಿಯಲ್ಲಿ ಲೀಟರ್‌ಗೆ 1.9 ಗ್ರಾಂ ಹತ್ತಿರ ಇದ್ದದ್ದು 100 ಡಿಗ್ರಿಗೆ 0.7 ಗ್ರಾಂ ಹತ್ತಿರಕ್ಕೆ ಇಳಿಯತ್ತೆ.

ಇಷ್ಟು ಗೊತ್ತಾದ್ಮೇಲೂ ತಪ್ಪಾಗೋ ಜಾಗ ಒಂದಿದೆ, ಇಡೀ ಚಾಪ್ಟರ್‌ನಲ್ಲಿ ಅತಿ ಮುಖ್ಯ ಅದೇ ಅನ್ಸತ್ತೆ ನಂಗೆ. ಕರಗೋದು ಬೇರೆ, ಅಯಾನುಗಳಾಗಿ ಒಡೆಯೋದು ಬೇರೆ. ಇವು ಎರಡು ಪ್ರಶ್ನೆ, ಎರಡನ್ನೂ ಕೇಳ್ಬೇಕು. ಸಕ್ಕರೆ ಧಾರಾಳವಾಗಿ ಕರಗತ್ತೆ, ಆದ್ರೆ ಒಂದೂ ಅಯಾನು ಕೊಡಲ್ಲ, ಅಣು ಅಣುವಾಗೇ ಇರತ್ತೆ. ಅಸಿಟಿಕ್ ಆಸಿಡ್ ನೀರಿನ ಜೊತೆ ಯಾವ ಪ್ರಮಾಣದಲ್ಲಾದ್ರೂ ಬೆರೆಯತ್ತೆ, ಆದ್ರೆ 0.1 ಮೋಲಾರ್ (ಲೀಟರ್‌ಗೆ 0.1 ಮೋಲ್) ದ್ರಾವಣದಲ್ಲಿ ನೂರಕ್ಕೆ ಒಂದೂಕಾಲರಷ್ಟು ಅಣು ಮಾತ್ರ ಒಡೆದಿರತ್ತೆ, ಮಿಕ್ಕಿದ್ದೆಲ್ಲ ಇಡಿಯಾಗೇ ಇರತ್ತೆ. ಅದನ್ನ ಅಯಾನು ಅಂತ ಬರೆದ್ರೆ ಸುಳ್ಳು ಬರೆದ ಹಾಗೆ. ಅತ್ತ ಸಿಲ್ವರ್ ಕ್ಲೋರೈಡ್ ನೋಡಿ, ಕರಗಿದ ಆ 2 ಮಿಲಿಗ್ರಾಂ ಬಹುಪಾಲು ಅಯಾನುಗಳಾಗೇ ಇರತ್ತೆ, ಕರಗೋದೇ ಅಷ್ಟು ಕಮ್ಮಿ ಅನ್ನೋದಕ್ಕೆ ಅದನ್ನ ಇಡಿಯಾಗಿ ಘನ ಅಂತ ಬರೀತೀವಿ.

ಹಾಗಾಗಿ ಒಡೆದು ಬರೆಯೋದು ಯಾವುದನ್ನ? ಕರಗಿರೋ ಲವಣ, ಸ್ಟ್ರಾಂಗ್ ಆಸಿಡ್, ಸ್ಟ್ರಾಂಗ್ ಬೇಸ್, ಇಷ್ಟೇ (ಸ್ಟ್ರಾಂಗ್ ಅಂದ್ರೆ ನೀರಲ್ಲಿ ಪೂರ್ತಿ ಅಯಾನುಗಳಾಗಿ ಒಡೆಯೋದು, ವೀಕ್ ಅಂದ್ರೆ ಸ್ವಲ್ಪ ಮಾತ್ರ). ಸ್ಟ್ರಾಂಗ್ ಆಸಿಡ್ ಪಟ್ಟಿ ಚಿಕ್ಕದು: ಹೈಡ್ರೋಕ್ಲೋರಿಕ್, ಹೈಡ್ರೋಬ್ರೋಮಿಕ್, ಹೈಡ್ರೋಅಯೋಡಿಕ್, ನೈಟ್ರಿಕ್, ಪರ್ಕ್ಲೋರಿಕ್, ಸಲ್ಫ್ಯೂರಿಕ್ (ಇದರಲ್ಲಿ ಮೊದಲ ಹೈಡ್ರೋಜನ್ ಮಾತ್ರ ಪೂರ್ತಿ ಬಿಡತ್ತೆ, ಎರಡನೇದು ಭಾಗಶಃ). ಈ ಪಟ್ಟಿಲಿ ಇಲ್ಲದ ಆಸಿಡ್ ಕಂಡ್ರೆ ವೀಕ್ ಅಂತ್ಲೇ ಹಿಡ್ಕೊಳ್ಳಿ, ಹೈಡ್ರೋಫ್ಲೋರಿಕ್ ಕೂಡ ಗಾಜನ್ನೇ ತಿನ್ನತ್ತೆ ಆದ್ರೂ ವೀಕ್ ಆಸಿಡ್ಡೇ. ಅಮೋನಿಯಾ ವೀಕ್ ಬೇಸ್, ಅದನ್ನ ಅಮೋನಿಯಾ ಅಂತ್ಲೇ ಬರೀಬೇಕು. ಘನ, ದ್ರವ ನೀರು, ಅನಿಲ ಇವನ್ನ ಯಾವತ್ತೂ ಒಡೀಬಾರದು.

ಈಗ ಅಸಿಟಿಕ್ ಆಸಿಡ್‌ಗೆ ಸೋಡಿಯಂ ಹೈಡ್ರಾಕ್ಸೈಡ್ ಹಾಕಿದ್ದನ್ನ ಬರೆಯೋಣ:

ಅಸಿಟಿಕ್ ಆಸಿಡ್(ಜಲೀಯ) + ಹೈಡ್ರಾಕ್ಸೈಡ್⁻ → ಅಸಿಟೇಟ್⁻ + ನೀರು(ದ್ರವ)

ಇಲ್ಲಿ ಬಿಡಿ ಹೈಡ್ರೋಜನ್ ಅಯಾನು ಕಾಯ್ಕೊಂಡಿಲ್ಲ, ಹೈಡ್ರಾಕ್ಸೈಡು ಅದನ್ನ ಅಸಿಟಿಕ್ ಅಣುವಿಂದ ಕಿತ್ಕೋಬೇಕು. ಆಗ್ಲೇ ಹೇಳಿದ ಬೇರೆ ನೆಟ್ ಕ್ರಿಯೆ ಇದೇ.

ಒಂದು ಲೆಕ್ಕ ಮೊದಲಿಂದ ಕೊನೆವರೆಗೂ ಮಾಡೋಣ. ಲೆಡ್ ನೈಟ್ರೇಟ್ ದ್ರಾವಣಕ್ಕೆ ಪೊಟ್ಯಾಸಿಯಂ ಅಯೋಡೈಡ್ ದ್ರಾವಣ. ಯಾರು ಯಾರ ಜೊತೆ ಸೇರ್ಬಹುದು? ಲೆಡ್‌ಗೆ ಅಯೋಡೈಡ್, ಪೊಟ್ಯಾಸಿಯಂಗೆ ನೈಟ್ರೇಟ್. ಎರಡನೇದು ಕರಗೋ ಜಾತಿ, ಮೊದಲನೇದು ಕರಗಲ್ಲ, ಹಳದಿ ಪ್ರಕ್ಷೇಪ (ದ್ರಾವಣದಿಂದ ಬೇರೆಯಾಗಿ ಬೀಳೋ ಘನ) ಬರತ್ತೆ. ಲೆಡ್‌ಗೆ ಎರಡು ಪ್ಲಸ್ ಇರೋದ್ರಿಂದ ಎರಡು ಅಯೋಡೈಡ್ ಬೇಕು, ಹಾಗಾಗಿ ಪೊಟ್ಯಾಸಿಯಂ ಅಯೋಡೈಡ್ ಎರಡು. ಎಲ್ಲಾ ಅಯಾನುಗಳನ್ನೂ ಬಿಡಿಸಿದ್ರೆ:

ಲೆಡ್²⁺ + 2 ನೈಟ್ರೇಟ್⁻ + 2 ಪೊಟ್ಯಾಸಿಯಂ⁺ + 2 ಅಯೋಡೈಡ್⁻ → ಲೆಡ್ ಅಯೋಡೈಡ್(ಘನ) + 2 ಪೊಟ್ಯಾಸಿಯಂ⁺ + 2 ನೈಟ್ರೇಟ್⁻

ಎರಡೂ ಕಡೆ ಒಂದೇ ಥರ ಇರೋದನ್ನ ತೆಗೆದ್ರೆ:

ಲೆಡ್²⁺ + 2 ಅಯೋಡೈಡ್⁻ → ಲೆಡ್ ಅಯೋಡೈಡ್(ಘನ)

ಇಲ್ಲಿ ಜನ ಮಾಡೋ ತಪ್ಪು ನೋಡಿ. ಲೆಡ್ ನೈಟ್ರೇಟ್‌ನಲ್ಲಿ ಎರಡು ನೈಟ್ರೇಟ್ ಇದೆ, ಅದು ಎರಡು ಬಿಡಿ ಅಯಾನು, ಸೂತ್ರದ (Pb(NO₃)₂) ಕೊನೆಯಲ್ಲಿ ಕೆಳಗಿದ್ದ 2 ಒಡೆದಾಗ ಮುಂದಕ್ಕೆ ಬರತ್ತೆ. ಆದ್ರೆ ನೈಟ್ರೇಟ್ ಒಳಗಿರೋ ಮೂರು ಆಕ್ಸಿಜನ್‌ನ 3 ಹಾಗೆ ಬರಲ್ಲ, ನೈಟ್ರೇಟ್ ಒಳಗಿನ ಬಂಧ ಕೊವೇಲೆಂಟ್, ನೀರು ಅದನ್ನ ಬಿಡಿಸಲ್ಲ. ಸಲ್ಫೇಟ್, ಕಾರ್ಬೋನೇಟ್, ಅಮೋನಿಯಂ ಎಲ್ಲಾ ಒಂದೊಂದು ಇಡೀ ಅಯಾನು. ಬೈಕಾರ್ಬೋನೇಟೂ ಹಾಗೇ, ಸೋಡಿಯಂ ಬೈಕಾರ್ಬೋನೇಟ್‌ಗೆ ಆಸಿಡ್ ಹಾಕಿದ್ರೆ ಹೀಗೆ:

ಬೈಕಾರ್ಬೋನೇಟ್⁻ + ಹೈಡ್ರೋಜನ್⁺ → ಕಾರ್ಬನ್ ಡೈಆಕ್ಸೈಡ್(ಅನಿಲ) + ನೀರು(ದ್ರವ)

ಇದನ್ನ ಹೈಡ್ರೋಜನ್ ಮತ್ತು ಕಾರ್ಬೋನೇಟ್ ಅಂತ ಮತ್ತೆ ಒಡೆದು ಬರೆಯೋ ಅಭ್ಯಾಸ ಇದ್ರೆ ಬಿಟ್ಬಿಡಿ.

ಕ್ಯಾಲ್ಸಿಯಂ ಕಾರ್ಬೋನೇಟ್ ಪುಡಿಗೆ ಹೈಡ್ರೋಕ್ಲೋರಿಕ್ ಆಸಿಡ್ ಹಾಕಿದ್ರೆ ಎಡಗಡೆ ಪುಡಿ ಘನವಾಗೇ ಇದೆ, ಅದನ್ನ ಒಡೀಬಾರದು. ಬಲಗಡೆ ಕ್ಯಾಲ್ಸಿಯಂ ಕ್ಲೋರೈಡ್ ಕರಗಿದೆ, ಕ್ಲೋರೈಡ್ ಸ್ಪೆಕ್ಟೇಟರ್:

ಕ್ಯಾಲ್ಸಿಯಂ ಕಾರ್ಬೋನೇಟ್(ಘನ) + 2 ಹೈಡ್ರೋಜನ್⁺ → ಕ್ಯಾಲ್ಸಿಯಂ²⁺ + ಕಾರ್ಬನ್ ಡೈಆಕ್ಸೈಡ್(ಅನಿಲ) + ನೀರು(ದ್ರವ)

ಅದೇ ರೀತಿ ಸುಣ್ಣದ ತಿಳಿನೀರಿಗೆ ಕಾರ್ಬನ್ ಡೈಆಕ್ಸೈಡ್ ಊದಿದ್ರೆ ಕ್ಯಾಲ್ಸಿಯಂ ಹೈಡ್ರಾಕ್ಸೈಡನ್ನ ಒಡೆದು ಬರೀಬೇಕು ಯಾಕಂದ್ರೆ ತಿಳಿನೀರಲ್ಲಿ ಇರೋದು ಕರಗಿರೋ ಭಾಗ ಮಾತ್ರ, ಅದೇ ಕದಡಿದ ಬಿಳಿ ಸುಣ್ಣದ ನೀರಾಗಿದ್ರೆ ಅದರಲ್ಲಿ ತೇಲ್ತಿರೋದು ಘನ, ಆಗ ಒಡೆಯೋ ಹಾಗಿಲ್ಲ. ವಸ್ತು ಒಂದೇ, ಇರೋ ರೂಪ ಬೇರೆ, ಹಾಗಾಗಿ ಬರೆಯೋದೂ ಬೇರೆ.

ಚಾರ್ಜ್ ಸರಿದೂಗಿದ್ಯಾ ಅಂತ ಕೊನೇಲಿ ನೋಡೋದನ್ನ ಯಾರೂ ಬಿಡಬಾರದು. ತಾಮ್ರದ ತಂತಿಯನ್ನ ಸಿಲ್ವರ್ ನೈಟ್ರೇಟ್‌ನಲ್ಲಿ ಇಟ್ರೆ ಬೆಳ್ಳಿ ಹರಳು ಬೆಳೆಯತ್ತೆ, ನೀರು ನೀಲಿ ಆಗತ್ತೆ. "ತಾಮ್ರ + ಸಿಲ್ವರ್⁺ → ತಾಮ್ರ²⁺ + ಬೆಳ್ಳಿ" ಅಂತ ಬರೆದ್ರೆ ಪರಮಾಣು ಲೆಕ್ಕ ಸರಿ ಇದೆ, ಆದ್ರೆ ಎಡಗಡೆ ಒಂದು ಪ್ಲಸ್, ಬಲಗಡೆ ಎರಡು. ಒಂದು ಎಲೆಕ್ಟ್ರಾನ್ ಎಲ್ಲೋ ಕಳೆದುಹೋಯ್ತು ಅಂತಾಯ್ತು. ಸರಿಯಾದದ್ದು:

ತಾಮ್ರ(ಘನ) + 2 ಸಿಲ್ವರ್⁺ → ತಾಮ್ರ²⁺ + 2 ಬೆಳ್ಳಿ(ಘನ)

ಸ್ಪೆಕ್ಟೇಟರ್ ಅನ್ನೋದು ಅಯಾನಿನ ಹುಟ್ಟುಗುಣ ಅಲ್ಲ, ಆ ಕ್ರಿಯೆಯಲ್ಲಿ ಅದು ಏನು ಮಾಡ್ತು ಅನ್ನೋದರ ಮೇಲೆ ಇದೆ. ನೈಟ್ರೇಟ್ ಇಷ್ಟೊತ್ತೂ ಬರೀ ಸ್ಪೆಕ್ಟೇಟರ್ ಆಗಿತ್ತು, ಈಗ ತಾಮ್ರವನ್ನ ಡೈಲ್ಯೂಟ್ ನೈಟ್ರಿಕ್ ಆಸಿಡ್‌ಗೆ ಹಾಕಿ ನೋಡಿ. 3 ತಾಮ್ರಕ್ಕೆ 8 ನೈಟ್ರಿಕ್ ಆಸಿಡ್, ಅಂದ್ರೆ 8 ನೈಟ್ರೇಟ್. ಅದರಲ್ಲಿ 6 ಹಾಗೇ ಉಳೀತವೆ, 2 ಮಾತ್ರ ಎಲೆಕ್ಟ್ರಾನ್ ತಗೊಂಡು ನೈಟ್ರಿಕ್ ಆಕ್ಸೈಡ್ ಅನಿಲ ಆಗ್ತವೆ:

3 ತಾಮ್ರ(ಘನ) + 8 ಹೈಡ್ರೋಜನ್⁺ + 2 ನೈಟ್ರೇಟ್⁻ → 3 ತಾಮ್ರ²⁺ + 2 ನೈಟ್ರಿಕ್ ಆಕ್ಸೈಡ್(ಅನಿಲ) + 4 ನೀರು(ದ್ರವ)

ಎಡಗಡೆ 8ರಲ್ಲಿ 2 ಕಳೆದ್ರೆ 6 ಪ್ಲಸ್, ಬಲಗಡೆ ಮೂರೆರಡ್ಲ 6 ಪ್ಲಸ್. ಒಂದೇ ಜಾತಿಯ ಅಯಾನು ಒಂದೇ ಬೀಕರಲ್ಲಿ ಕಾಲುಭಾಗ ಕೆಲಸ ಮಾಡ್ತಿದೆ, ಮುಕ್ಕಾಲು ಭಾಗ ಸುಮ್ನಿದೆ.

ಇನ್ನೆರಡು ತುದಿಗಳು ಇವೆ. ಸೋಡಿಯಂ ಕ್ಲೋರೈಡ್‌ಗೆ ಪೊಟ್ಯಾಸಿಯಂ ನೈಟ್ರೇಟ್ ಹಾಕಿದ್ರೆ ನಾಲ್ಕೂ ಅಯಾನು ಸ್ಪೆಕ್ಟೇಟರ್, ಹೊಡೆದುಹಾಕ್ತಾ ಹೋದ್ರೆ ಏನೂ ಉಳಿಯಲ್ಲ, ಅಂದ್ರೆ ಕ್ರಿಯೆನೇ ಇಲ್ಲ ಅಂತ ಉತ್ತರ ಬರೀಬೇಕು. ಇನ್ನೊಂದು ತುದಿಗೆ ಬೇರಿಯಂ ಹೈಡ್ರಾಕ್ಸೈಡ್ ಮತ್ತು ಸಲ್ಫ್ಯೂರಿಕ್ ಆಸಿಡ್, ಇಲ್ಲಿ ಸ್ಪೆಕ್ಟೇಟರೇ ಇಲ್ಲ, ಬೇರಿಯಂ ಸಲ್ಫೇಟ್ ಜೊತೆ ಕೂತ್ಕೊಳ್ಳತ್ತೆ, ಹೈಡ್ರಾಕ್ಸೈಡ್ ಹೈಡ್ರೋಜನ್ ಜೊತೆ ಸೇರಿ ನೀರಾಗತ್ತೆ. ಈ ದ್ರಾವಣಕ್ಕೆ ಎರಡು ತಂತಿ ಇಳಿಸಿ ಬಲ್ಬ್ ಜೋಡಿಸಿ ಆಸಿಡನ್ನ ಹನಿಹನಿಯಾಗಿ ಬಿಡ್ತಾ ಹೋದ್ರೆ ಬಲ್ಬ್ ಮಂಕಾಗ್ತಾ ಹೋಗಿ ಎರಡೂ ಸರಿಸಮ ಆದ ಹಂತದಲ್ಲಿ ಆರೇ ಹೋಗತ್ತೆ, ಇನ್ನೂ ಹಾಕಿದ್ರೆ ಮತ್ತೆ ಹತ್ಕೊಳ್ಳತ್ತೆ. ಸಮೀಕರಣದಲ್ಲಿ ಅಯಾನು ಖಾಲಿ ಆಗೋದನ್ನ ಕಣ್ಣಾರೆ ನೋಡ್ಬೇಕು ಅನ್ನೋರಿಗೆ ಇದಕ್ಕಿಂತ ಒಳ್ಳೇ ಪ್ರಯೋಗ ಇಲ್ಲ.

ಇಲ್ಲಿವರೆಗೂ ಕರಗತ್ತೆ, ಕರಗಲ್ಲ ಅಂತ ಎರಡೇ ಮಾತು ಬಳಸಿದ್ವಿ. ನಿಜವಾಗಿ ಅದು ಒಂದು ಸಂಖ್ಯೆ. ಸಿಲ್ವರ್ ಕ್ಲೋರೈಡ್ ನೀರಲ್ಲಿ ಕೂತಿದ್ರೆ ಸ್ವಲ್ಪ ಕರಗ್ತಾ ಇರತ್ತೆ, ಕರಗಿದ್ದು ವಾಪಸ್ ಘನ ಆಗ್ತಾನೂ ಇರತ್ತೆ, ಎರಡರ ವೇಗ ಸಮ ಆದಾಗ ಸಿಲ್ವರ್ ಅಯಾನಿನ ಸಾಂದ್ರತೆಯನ್ನ ಕ್ಲೋರೈಡ್ ಸಾಂದ್ರತೆಯಿಂದ ಗುಣಿಸಿದ್ರೆ 25 ಡಿಗ್ರಿಯಲ್ಲಿ 1.8×10⁻¹⁰ ಬರತ್ತೆ. ಇದಕ್ಕೆ ಸಾಲ್ಯುಬಿಲಿಟಿ ಪ್ರಾಡಕ್ಟ್ ಅಂತಾರೆ. ಎರಡೂ ಸಮ ಇರೋದ್ರಿಂದ ವರ್ಗಮೂಲ ತೆಗೆದ್ರೆ ಲೀಟರ್‌ಗೆ 1.3×10⁻⁵ ಮೋಲ್, ಅದೇ ಆ 2 ಮಿಲಿಗ್ರಾಂ.

ಈ ಸಂಖ್ಯೆ ಗೊತ್ತಿದ್ರೆ ಪ್ರಕ್ಷೇಪ ಬರತ್ತೋ ಇಲ್ವೋ ಅಂತ ಮೊದಲೇ ಹೇಳ್ಬಹುದು. 0.001 ಮೋಲಾರ್ ಸಿಲ್ವರ್ ನೈಟ್ರೇಟ್, ಅಷ್ಟೇ ಸಾಂದ್ರತೆಯ ಸೋಡಿಯಂ ಕ್ಲೋರೈಡ್ ಸಮ ಪ್ರಮಾಣದಲ್ಲಿ ಸೇರಿಸಿದ್ರೆ ಒಟ್ಟು ದ್ರಾವಣ ದುಪ್ಪಟ್ಟಾಗಿ ಎರಡೂ ಅರ್ಧಕ್ಕೆ ಇಳೀತವೆ (ಈ ಅರ್ಧ ಮಾಡೋದನ್ನ ಮರೆತ್ರೆ ಲೆಕ್ಕ ಕೆಡತ್ತೆ), ಗುಣಿಸಿದ್ರೆ 2.5×10⁻⁷, ಮಿತಿಗಿಂತ ಸಾವಿರ ಪಟ್ಟು ಮೇಲೆ, ಪ್ರಕ್ಷೇಪ ಗ್ಯಾರಂಟಿ. ಅದೇ ಎರಡೂ 0.00001 ಮೋಲಾರ್ ಇದ್ರೆ ಗುಣಲಬ್ಧ 2.5×10⁻¹¹, ಮಿತಿಗಿಂತ ಕೆಳಗೆ, ದ್ರಾವಣ ತಿಳಿಯಾಗೇ ಇರತ್ತೆ. ರೂಲ್ ಪ್ರಕಾರ "ಕರಗದ" ವಸ್ತು, ಆದ್ರೂ ಪ್ರಕ್ಷೇಪ ಇಲ್ಲ.

ಈಗ ನೀರಿನ ಬದಲು 0.1 ಮೋಲಾರ್ ಸೋಡಿಯಂ ಕ್ಲೋರೈಡ್ ದ್ರಾವಣದಲ್ಲಿ ಸಿಲ್ವರ್ ಕ್ಲೋರೈಡ್ ಹಾಕಿದ್ರೆ ಕ್ಲೋರೈಡ್ ಆಗ್ಲೇ ಬೇಕಾದಷ್ಟಿದೆ, ಗುಣಲಬ್ಧ ಅಷ್ಟೇ ಇರ್ಬೇಕು ಅಂದ್ರೆ ಸಿಲ್ವರ್ 1.8×10⁻⁹ಕ್ಕೆ ಇಳೀಬೇಕು, ಬರೀ ನೀರಲ್ಲಿ ಇದ್ದದ್ದರ ಏಳು ಸಾವಿರದಲ್ಲಿ ಒಂದು ಭಾಗಕ್ಕಿಂತ ಕಮ್ಮಿ. ಇದು ಕಾಮನ್ ಅಯಾನ್ ಎಫೆಕ್ಟ್. ತಿರುಗಿಸಿ ಅಮೋನಿಯಾ ಹಾಕಿ, ಅದು ಸಿಲ್ವರ್ ಅಯಾನನ್ನ ಹಿಡ್ಕೊಂಡು ಕಾಂಪ್ಲೆಕ್ಸ್ (ಎರಡೂ ಸೇರಿದ ಹೊಸ ಅಯಾನು) ಮಾಡತ್ತೆ, ಬಿಡಿ ಸಿಲ್ವರ್ ಕಮ್ಮಿ ಆದಷ್ಟೂ ಘನ ಕರಗ್ತಾ ಹೋಗತ್ತೆ:

ಸಿಲ್ವರ್ ಕ್ಲೋರೈಡ್(ಘನ) + 2 ಅಮೋನಿಯಾ → ಡೈಅಮೈನ್ ಸಿಲ್ವರ್⁺ + ಕ್ಲೋರೈಡ್⁻

ಸಾಲ್ಯುಬಿಲಿಟಿ ಪ್ರಾಡಕ್ಟ್ ಸಣ್ಣದಿದ್ದಷ್ಟೂ ಕಮ್ಮಿ ಕರಗತ್ತೆ ಅಂತ ಕಣ್ಣುಮುಚ್ಚಿ ಹೇಳಂಗಿಲ್ಲ. ಸಿಲ್ವರ್ ಕ್ರೋಮೇಟ್‌ದು 1.1×10⁻¹², ಸಿಲ್ವರ್ ಕ್ಲೋರೈಡ್‌ಗಿಂತ ಸಣ್ಣದು. ಆದ್ರೆ ಅದರಲ್ಲಿ ಎರಡು ಸಿಲ್ವರ್‌ಗೆ ಒಂದು ಕ್ರೋಮೇಟ್, ಸಿಲ್ವರ್ ಸಾಂದ್ರತೆಯನ್ನ ವರ್ಗ ಮಾಡ್ಬೇಕು, ಹಾಗೆ ಮಾಡಿ ಲೆಕ್ಕ ಹಾಕಿದ್ರೆ ಲೀಟರ್‌ಗೆ 6.5×10⁻⁵ ಮೋಲ್ ಕರಗತ್ತೆ, ಅಂದ್ರೆ ಕ್ಲೋರೈಡ್‌ನ ಸುಮಾರು ಐದು ಪಟ್ಟು ಜಾಸ್ತಿ. ಮೋರ್ ಟೈಟ್ರೇಶನ್ (ಸಿಲ್ವರ್ ನೈಟ್ರೇಟ್ ಹನಿಸಿ ಕ್ಲೋರೈಡ್ ಎಷ್ಟಿದೆ ಅಂತ ಅಳೆಯೋ ವಿಧಾನ) ನಿಂತಿರೋದೇ ಇದರ ಮೇಲೆ, ಬಿಳಿ ಸಿಲ್ವರ್ ಕ್ಲೋರೈಡ್ ಎಲ್ಲಾ ಮೊದಲು ಬಿದ್ದು, ಕ್ಲೋರೈಡ್ ಮುಗಿದ ಮೇಲೆ ಕೆಂಪು ಬಣ್ಣದ ಸಿಲ್ವರ್ ಕ್ರೋಮೇಟ್ ಕಾಣಿಸ್ಕೊಳ್ಳತ್ತೆ.

ಇದೆಲ್ಲ ಪರೀಕ್ಷೆಗೆ ಮಾತ್ರ ಅಂತ ಅಂದ್ಕೊಂಡಿರೋರಿಗೆ ಬೇರಿಯಂ ಉದಾಹರಣೆ ಹೇಳ್ಲೇಬೇಕು. ನೀರಲ್ಲಿ ಕರಗಿರೋ ಬೇರಿಯಂ ಅಯಾನು ವಿಷ, ದೇಹದ ಪೊಟ್ಯಾಸಿಯಂ ಸಮತೋಲನ ಕೆಡಿಸಿ ಸ್ನಾಯು ಮತ್ತು ಹೃದಯಕ್ಕೆ ತೊಂದರೆ ಕೊಡತ್ತೆ. ಆದ್ರೂ ಜೀರ್ಣಾಂಗದ ಎಕ್ಸ್‌ರೇ ತೆಗೆಯೋ ಮುಂಚೆ ರೋಗಿಗೆ ಬೇರಿಯಂ ಸಲ್ಫೇಟ್ ಕುಡಿಸ್ತಾರೆ. ಅದು ಲೀಟರ್‌ಗೆ ಎರಡೂವರೆ ಮಿಲಿಗ್ರಾಂ ಹತ್ತಿರ ಮಾತ್ರ ಕರಗೋದು, ಹಾಗಾಗಿ ಘನವಾಗೇ ಒಳಗೆ ಹೋಗಿ ಘನವಾಗೇ ಹೊರಗೆ ಬರತ್ತೆ.

ಬೇರಿಯಂ ಕಾರ್ಬೋನೇಟೂ ಕರಗದವುಗಳ ಪಟ್ಟಿಲೇ ಇದೆ. ರೂಲ್ಸ್ ಮಾತ್ರ ಓದಿದವರಿಗೆ ಎರಡೂ ಒಂದೇ ಅನ್ಸತ್ತೆ. ಆದ್ರೆ ಅದು ಇಲಿ ಪಾಷಾಣವಾಗಿ ಬಳಕೆಯಲ್ಲಿದ್ದ ವಸ್ತು, ಯಾಕಂದ್ರೆ ಹೊಟ್ಟೆಯಲ್ಲಿ ಬರೀ ನೀರಿಲ್ಲ, ಹೈಡ್ರೋಕ್ಲೋರಿಕ್ ಆಸಿಡ್ ಇದೆ:

ಬೇರಿಯಂ ಕಾರ್ಬೋನೇಟ್(ಘನ) + 2 ಹೈಡ್ರೋಜನ್⁺ → ಬೇರಿಯಂ²⁺ + ಕಾರ್ಬನ್ ಡೈಆಕ್ಸೈಡ್(ಅನಿಲ) + ನೀರು(ದ್ರವ)

ಕಾರ್ಬೋನೇಟ್ ಹೈಡ್ರೋಜನ್ ಅಯಾನನ್ನ ಕಂಡ ತಕ್ಷಣ ಹಿಡ್ಕೊಳ್ಳತ್ತೆ, ಆಮೇಲೆ ಅನಿಲವಾಗಿ ಜಾಗ ಖಾಲಿ ಮಾಡತ್ತೆ, ಬೇರಿಯಂ ಬಿಡಿಯಾಗಿ ಉಳಿಯತ್ತೆ. ಸಲ್ಫೇಟ್ ಸ್ಟ್ರಾಂಗ್ ಆಸಿಡ್‌ನಿಂದ ಬಂದಿರೋ ಅಯಾನು, ಹೈಡ್ರೋಜನ್ನನ್ನ ಹಿಡ್ಕೊಳ್ಳೋ ಆಸೆ ಅದಕ್ಕೆ ತೀರಾ ಕಮ್ಮಿ, ಆಸಿಡ್ ಬಂದ್ರೂ ಬೇರಿಯಂ ಕೈಬಿಡಲ್ಲ. ಯಾರಾದ್ರೂ ಕರಗೋ ಬೇರಿಯಂ ನುಂಗಿದಾಗ ಡಾಕ್ಟರ್‌ಗಳು ಬಾಯಿ ಮೂಲಕ ಸೋಡಿಯಂ ಸಲ್ಫೇಟ್ ಇಲ್ಲಾ ಮೆಗ್ನೀಸಿಯಂ ಸಲ್ಫೇಟ್ ಕೊಡ್ತಾರೆ, ಸೋಡಿಯಮ್ಮೋ ಮೆಗ್ನೀಸಿಯಮ್ಮೋ ಅನ್ನೋದು ಇಲ್ಲಿ ಸ್ಪೆಕ್ಟೇಟರ್, ಬೇಕಾಗಿರೋದು ಸಲ್ಫೇಟ್:

ಬೇರಿಯಂ²⁺ + ಸಲ್ಫೇಟ್²⁻ → ಬೇರಿಯಂ ಸಲ್ಫೇಟ್(ಘನ)

ರಕ್ತಕ್ಕೆ ಸೇರೋ ಮುಂಚೆ ಹೊಟ್ಟೆ ಕರುಳಲ್ಲೇ ಬೇರಿಯಂನ್ನ ಘನ ಮಾಡಿ ಕೂರಿಸ್ಬಿಟ್ರೆ ಅದು ಎಕ್ಸ್‌ರೇಗೆ ಕುಡಿಸೋ ಅದೇ ವಸ್ತು ಆಗಿ ದೇಹದಿಂದ ಹೊರಗೆ ಹೋಗತ್ತೆ.